ಹೊಲದಲ್ಲಿ ಮೊಬೈಲ್ ಅಂತರಜಾಲ: ಕಾರ್ಯವಿಧಾನ ಮತ್ತು ಸದ್ಬಳಕೆ

ಪೇಟೆ ಧಾರಣೆ ತಿಳಿಯಲು, ರೋಗ ತಗುಲಿದ ಎಲೆಯ ಚಿತ್ರವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಲು, ಮನೆಯಿಂದಲೇ ಪಂಪ್‌ಸೆಟ್ ಚಾಲೂ ಮಾಡಲು ಇಂದು ಅನೇಕ ರೈತರು ಮೊಬೈಲನ್ನು ಅವಲಂಬಿಸಿದ್ದಾರೆ. ಆದರೆ ಮನೆಯಲ್ಲಿ ಚೆನ್ನಾಗಿ ನಡೆಯುವ ಫೋನು ತೋಟದಲ್ಲಿ ಕೈಕೊಡುವುದುಂಟು. ಚಿತ್ರ ಹೋಗದೆ ಸಿಂಪರಣೆ ತಡವಾದರೆ, ಮೋಟಾರು ನಿಲ್ಲಿಸುವ ಆದೇಶ ತಲುಪದೆ ಹೋದರೆ ನಷ್ಟ ರೈತನದೇ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿದ್ದರೆ ಇಂತಹ ಹಲವು ತೊಂದರೆಗಳನ್ನು ಹೆಚ್ಚಿನ ಖರ್ಚಿಲ್ಲದೆ ನಿವಾರಿಸಬಹುದು.

ಟವರು ಮತ್ತು ಅದರ ಅಚ್ಚುಕಟ್ಟು

ಫೋನು ರೇಡಿಯೋ ಅಲೆಗಳ ಮೂಲಕ ಹತ್ತಿರದ ಟವರಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ನೆಲದಡಿಯ ಫೈಬರ್ ಕೇಬಲ್ ಮೂಲಕವೋ, ಇನ್ನೊಂದು ಟವರಿನ ಮೂಲಕವೋ ಅದು ಮುಖ್ಯ ಕೇಂದ್ರ ಸೇರುತ್ತದೆ. ಕಾಲುವೆಗೆ ಅಚ್ಚುಕಟ್ಟು ಇರುವಂತೆ ಪ್ರತಿ ಟವರಿಗೂ ಒಂದು ಸೇವಾಪ್ರದೇಶವಿದೆ. ಆ ಪ್ರದೇಶದ ಫೋನುಗಳೆಲ್ಲ ಟವರಿನ ಸಾಮರ್ಥ್ಯವನ್ನು ಹಂಚಿಕೊಳ್ಳಬೇಕು. 4ಜಿ ಟವರು ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಯಾವ ಫೋನಿಗೆ ಎಷ್ಟು ಪಾಲು ಎಂದು ಹೊಸದಾಗಿ ನಿರ್ಧರಿಸುತ್ತದೆ. ಸಂಜೆ ಊರಿನವರೆಲ್ಲ ವಿಡಿಯೋ ನೋಡುವ ಹೊತ್ತಿಗೆ ಒಬ್ಬೊಬ್ಬರ ಪಾಲು ಕಡಿಮೆಯಾಗುವುದು ಸಹಜ.

ಅಲೆಗಳ ಗುಣ

ಎಲ್ಲ ಅಲೆಗಳೂ ಒಂದೇ ಬಗೆಯವಲ್ಲ. 700, 800, 900 ಮೆಗಾಹರ್ಟ್ಸ್ ಅಲೆಗಳು ಹೆಚ್ಚು ದೂರ ಸಾಗುತ್ತವೆ. ಗೋಡೆ, ಮರಗಳನ್ನೂ ತಕ್ಕಮಟ್ಟಿಗೆ ದಾಟುತ್ತವೆ. ಆದರೆ ಅಲ್ಲಿ ಲಭ್ಯವಿರುವ ಪಟ್ಟಿ ಕಿರಿದಾದುದರಿಂದ ಹೊರುವ ಸುದ್ದಿ ಕಡಿಮೆ. 2300 ಮೆಗಾಹರ್ಟ್ಸ್ ಮತ್ತು 5ಜಿಗೆ ಬಳಸುವ 3300 ಮೆಗಾಹರ್ಟ್ಸ್ ಅಲೆಗಳು ಹೆಚ್ಚು ಸುದ್ದಿ ಹೊರುತ್ತವೆಯಾದರೂ ಬೇಗ ಕ್ಷೀಣಿಸುತ್ತವೆ. ದಟ್ಟ ತೋಟದ ಒದ್ದೆ ಎಲೆಗಳು ಇವನ್ನು ಮತ್ತಷ್ಟು ತಡೆಯುತ್ತವೆ. ನಮ್ಮ ದೇಶದಲ್ಲಿ 5ಜಿ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ಪೇಟೆಯಲ್ಲಿ 5ಜಿ ಸಿಕ್ಕಿತೆಂದು ತೋಟದಲ್ಲಿಯೂ ಸಿಗುತ್ತದೆಂದು ಭಾವಿಸಬಾರದು.

ಕೊನೆ ಭಾಗದ ತೊಂದರೆ

ಸುದ್ದಿಯು ಸೊನ್ನೆ ಮತ್ತು ಒಂದು ಎಂಬ ಅಂಕೆಗಳಾಗಿ ಅಲೆಗಳ ಮೇಲೆ ಸಾಗುತ್ತದೆ. ಅಲೆ ಬಲವಾಗಿರುವಲ್ಲಿ 4ಜಿ ಟವರು ಒಂದು ಸಂಜ್ಞೆಯಲ್ಲಿ ಇಂತಹ 6 ಅಥವಾ ಹೆಚ್ಚು ಅಂಕೆಗಳನ್ನು ತುಂಬುತ್ತದೆ. ಕ್ಷೀಣವಾಗಿರುವಲ್ಲಿ ತಪ್ಪಾಗದಿರಲೆಂದು 2ನ್ನು ಮಾತ್ರ ತುಂಬುತ್ತದೆ. ಆದ್ದರಿಂದ ಕಾಲುವೆಯ ಕೊನೆ ಭಾಗದ ರೈತನಂತೆ, ದೂರದ ಫೋನಿಗೆ ಸರದಿ ಬಂದರೂ ದೊರೆಯುವುದು ಕಡಿಮೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಟವರಿನ ಪ್ರಸಾರ ಶಕ್ತಿ ಹತ್ತಾರು ವ್ಯಾಟು. 4ಜಿ ಫೋನಿನದು ಸಾಮಾನ್ಯವಾಗಿ ಹೆಚ್ಚೆಂದರೆ ಸುಮಾರು 0.2 ವ್ಯಾಟು. ಟವರಿನ ಮಾತು ಫೋನಿಗೆ ಕೇಳಿಸಿದರೂ ಫೋನಿನ ಮಾತು ಟವರಿಗೆ ಸರಿಯಾಗಿ ಕೇಳಿಸದಿರಬಹುದು. ಫೋನಿನ ಮೇಲೆ ಕಾಣುವ ಗೆರೆಗಳು ಬರುವ ಅಲೆಯ ಬಲವನ್ನು ತೋರಿಸುತ್ತವೆಯೇ ಹೊರತು ಹೋಗುವ ಅಲೆಯದನ್ನಲ್ಲ. ಧಾರಣೆ ಪಟ್ಟಿ ತೆರೆದುಕೊಂಡರೂ ಎಲೆಯ ಚಿತ್ರ ಹೋಗದಿರಲು ಇದೂ ಒಂದು ಕಾರಣ.

ಅನುಸರಿಸಬೇಕಾದ ಕ್ರಮಗಳು

1. ಮೊಬೈಲ್ ಸ್ಟಾರ್ಟರ್ ಕೊಳ್ಳುವ ಮೊದಲು ಅದಕ್ಕೆ ಹಾಕುವ ಕಂಪನಿಯ ಸಿಮ್ಮನ್ನು ಪಂಪ್‌ಮನೆಯಲ್ಲೇ ಬೆಳಿಗ್ಗೆ ಮತ್ತು ಸಂಜೆ ಪರೀಕ್ಷಿಸಬೇಕು. 2ಜಿ ಮಾತ್ರ ಬಲ್ಲ ಸ್ಟಾರ್ಟರು, 2ಜಿ ಸೇವೆಯಿಲ್ಲದ ಕಂಪನಿಯ ಸಿಮ್ಮಿನಿಂದ ಕೆಲಸ ಮಾಡದು.

2. ಅನೇಕ ಫೋನುಗಳ ಸೆಟ್ಟಿಂಗಿನಲ್ಲಿ ಸಿಗ್ನಲ್ ಬಲವನ್ನು ಡಿಬಿಎಂ ಮಾನದಲ್ಲಿ ನೋಡಬಹುದು. ಮೈನಸ್ 110ಕ್ಕಿಂತ ಮೈನಸ್ 90 ಉತ್ತಮ. ಈ 20ರ ಅಂತರವೆಂದರೆ ಶಕ್ತಿಯಲ್ಲಿ 100 ಪಟ್ಟು ವ್ಯತ್ಯಾಸ.

3. ತಗಡಿನ ಪಂಪ್‌ಮನೆ, ಕಬ್ಬಿಣದ ಪೆಟ್ಟಿಗೆಗಳು ಅಲೆಗಳನ್ನು ತಡೆಯುತ್ತವೆ. ಸ್ಟಾರ್ಟರಿನ ಆಂಟೆನಾವನ್ನು ಹೊರಗೆ, ಎತ್ತರದಲ್ಲಿ ಕಟ್ಟಬೇಕು.

4. ಎಲೆಯ ಚಿತ್ರವನ್ನು ತೋಟದಲ್ಲಿ ತೆಗೆದು, ಬಯಲಿಗೆ ಅಥವಾ ದಿಬ್ಬಕ್ಕೆ ಬಂದು ಕಳುಹಿಸಬೇಕು. ವಿಡಿಯೋಗಿಂತ ಎರಡು ಮೂರು ಸ್ಪಷ್ಟ ಚಿತ್ರಗಳು ಲೇಸು.

5. ಅನುಮತಿಯಿಲ್ಲದ ಸಿಗ್ನಲ್ ಬೂಸ್ಟರ್ ಅಳವಡಿಸುವುದು ಕಾನೂನುಬಾಹಿರ. ಕಾಲುವೆಗೆ ಕಳ್ಳ ಪಂಪು ಇಟ್ಟಂತೆ ಅದು ನೆರೆಯವರ ಸೇವೆಯನ್ನೂ ಕೆಡಿಸುತ್ತದೆ.

6. ಮೋಟಾರಿನ ರಕ್ಷಣೆಗೆ ಮೊಬೈಲನ್ನೇ ನಂಬಬಾರದು. ನೀರಿಲ್ಲದಾಗ ತಾನೇ ನಿಲ್ಲಿಸುವ ಸಾಧನ ಮತ್ತು ಓವರ್‌ಲೋಡ್ ರಿಲೇ ಸ್ಟಾರ್ಟರಿನಲ್ಲಿ ಇರಲೇಬೇಕು.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಹಳ್ಳಿಗಳಲ್ಲಿ ಯಾವ ಕಂಪನಿಯ ಸೇವೆ ಯಾವ ಹೊಲದವರೆಗೆ ತಲುಪುತ್ತದೆಂದು ರೈತರೊಡನೆ ನಡೆದು ಗುರುತಿಸಿಕೊಂಡರೆ, ಸಲಹೆಯೂ ಸಕಾಲಕ್ಕೆ ತಲುಪುತ್ತದೆ.