ನೀಲಿ ಹೂವಿನ ಬೇಲಿ ಗಿಡ: ಚಿತ್ರಮೂಲವೋ, ಡುರಾಂಟಾವೋ?

ಈ ವಾರ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಪಕ್ಕದೂರಿನ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಹೂವಿನ ಫೋಟೋ ಕಳಿಸಿ, "ಅಣ್ಣಾ, ಇದು ನೀಲಿ ಚಿತ್ರಮೂಲ ತಾನೇ? ಮನೆ ಮುಂದೆ ಬೇಲಿಗೆ ಕಡ್ಡಿ ನೆಡ್ತೀನಿ" ಅಂದ. ಐದು ಎಸಳಿನ ನೀಲಿ ಹೂ ನೋಡಿದವನೇ "ಹೌದು" ಅಂದುಬಿಟ್ಟೆ. ಮರುವರ್ಷ ಹೋಗಿ ನೋಡಿದರೆ ಬೇಲಿ ತುಂಬಾ ಹಳದಿ ಹಣ್ಣಿನ ಗೊಂಚಲು! ಅವನ ಮಗಳು ಹಣ್ಣು ಆರಿಸಿಕೊಂಡು ಅಡುಗೆ ಆಟ ಆಡ್ತಿದ್ಲು. ಅದು ಡುರಾಂಟಾ, ಹಣ್ಣು ವಿಷ. ಪುಣ್ಯಕ್ಕೆ ಮಗು ಬಾಯಿಗೆ ಹಾಕಿಕೊಂಡಿರಲಿಲ್ಲ. ಅವತ್ತೇ ಗಿಡಗಳನ್ನು ಬೇರು ಸಮೇತ ಕಿತ್ವಿ.

ಎರಡೂ ಬಹುವಾರ್ಷಿಕ ಪೊದೆಗಳು, ಎರಡೂ ಕಡ್ಡಿಯಿಂದ ಸುಲಭವಾಗಿ ಬರುತ್ತವೆ. ನೀಲಿ ಚಿತ್ರಮೂಲ (ನರ್ಸರಿಯಲ್ಲಿ ಪ್ಲಂಬಾಗೊ) ದಕ್ಷಿಣ ಆಫ್ರಿಕಾದ್ದು, ಡುರಾಂಟಾ ಅಮೆರಿಕ ಖಂಡದ್ದು. ಹೂವಿನ ಬಣ್ಣ ಒಂದನ್ನೇ ನಂಬಬೇಡಿ. ಈ ನಾಲ್ಕು ಗುರುತು ನೋಡಿ:

1. ಎಲೆ: ಡುರಾಂಟಾದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಚಿತ್ರಮೂಲದಲ್ಲಿ ಈ ಕಡೆ ಒಂದು, ಸ್ವಲ್ಪ ಮೇಲೆ ಆ ಕಡೆ ಒಂದು.

2. ಹೂವಿನ ಬುಡ: ಚಿತ್ರಮೂಲದ ಹೂವಿಗೆ ಸುಮಾರು 3 ಸೆಂ.ಮೀ. ಉದ್ದದ ಸಣ್ಣ ಕೊಳವೆ ಇರುತ್ತೆ. ಬುಡದ ಹಸಿರು ಭಾಗ ಮುಟ್ಟಿದರೆ ಅಂಟು ಅಂಟು. ಡುರಾಂಟಾ ಹೂ ಚಿಕ್ಕದು, ಅಂಟಲ್ಲ.

3. ಗೊಂಚಲು: ಚಿತ್ರಮೂಲದ್ದು ಕೊಂಬೆ ತುದಿಯಲ್ಲಿ ಗುಂಪಾಗಿ ಅರಳುತ್ತೆ. ಡುರಾಂಟಾದ್ದು ಉದ್ದವಾಗಿ ಜೋತು ಬೀಳುತ್ತೆ.

4. ಮುಳ್ಳು, ಹಣ್ಣು: ಡುರಾಂಟಾದ ಎಲೆ ಬುಡದಲ್ಲಿ ಕೆಲವೊಮ್ಮೆ ಮುಳ್ಳು ಇರುತ್ತೆ. ಹಣ್ಣು ಹಳದಿ, ಗೋಲಿಗಿಂತ ಸಣ್ಣದು. ಚಿತ್ರಮೂಲದಲ್ಲಿ ಇಂಥ ಹಣ್ಣು ಬಿಡುವುದೇ ಇಲ್ಲ.

ಯಾರಿಗಾದರೂ ಗಿಡ ತೋರಿಸಬೇಕಾದರೆ ನಾಲ್ಕು ಫೋಟೋ ತೆಗೀರಿ: ಇಡೀ ಗಿಡ, ಎಲೆ ಜೋಡಣೆ ಕಾಣುವ ಕೊಂಬೆ, ಪಕ್ಕದಿಂದ ಹೂ, ಕಾಯಿ ಇದ್ದರೆ ಕಾಯಿ. ಗಿಡ ಗುರುತಿಸುವ ಆ್ಯಪ್ ಹೇಳಿದ ಹೆಸರನ್ನೂ ಈ ಗುರುತುಗಳ ಜೊತೆ ತಾಳೆ ನೋಡಿ.

ಡುರಾಂಟಾ ಹಣ್ಣನ್ನು ಹಕ್ಕಿಗಳು ತಿಂದು ಅರಗಿಸಿಕೊಳ್ತವೆ. ಹಾಗಂತ ನಮಗೆ, ನಾಯಿಗೆ, ದನಕ್ಕೆ ಅದು ಸುರಕ್ಷಿತ ಅಲ್ಲ. ಮಕ್ಕಳಿರುವ ಮನೆ, ಕೊಟ್ಟಿಗೆ ಹತ್ತಿರ ನೆಡಬೇಡಿ. ಸವರಿದ ಕೊಂಬೆಗಳನ್ನು ದನದ ಮುಂದೆ ಹಾಕಬೇಡಿ. ಮಗು ತಿಂದರೆ ಮನೆಮದ್ದು ಮಾಡುತ್ತಾ ಕೂರದೆ, ಹಣ್ಣಿರುವ ಕೊಂಬೆ ಸಮೇತ ಆಸ್ಪತ್ರೆಗೆ ಓಡಿ. ಚಿತ್ರಮೂಲದ ರಸವೂ ಕೆಲವರ ಚರ್ಮಕ್ಕೆ ಉರಿ ತರುತ್ತೆ, ಕಡ್ಡಿ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ.

ಈಗ ಯಾರೇ ಒಂದೇ ಫೋಟೋ ಕಳಿಸಿದರೂ ನನ್ನ ಉತ್ತರ ಒಂದೇ: "ಮೊದಲು ಎಲೆ ತೋರಿಸು ಮಾರಾಯ."