ಮೊದಲು ಟೌನ್‌ಲ್ಯಾಂಡ್ ಹೆಸರು ಹಿಡಿಯಿರಿ

ಪ್ರಶ್ನೆ: ನನ್ನ ಗಂಡ ಐರಿಷ್ ಮೂಲದವರು. ಅವರ ಮುತ್ತಜ್ಜ ಮೇಯೊ ಕೌಂಟಿಯ ರೈತ ಎಂಬುದಷ್ಟೇ ಗೊತ್ತು. 1922ರಲ್ಲಿ ಐರ್ಲೆಂಡಿನ ದಾಖಲೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ದಾಖಲೆಗಳು ಸುಟ್ಟುಹೋದವಂತೆ. ಹುಡುಕಿ ಫಲವಿದೆಯೇ?

ಉತ್ತರ: ಖಂಡಿತ ಇದೆ. 1901 ಮತ್ತು 1911ರ ಜನಗಣತಿ ಪತ್ರಗಳು ಉಳಿದಿವೆ; ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತ. 1911ರದರಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬುದೂ ಇದೆ. ವಯಸ್ಸನ್ನು ಮಾತ್ರ ಪೂರ್ತಿ ನಂಬಬೇಡಿ.

ಅಲ್ಲಿಂದ ಮನೆತನದ ಟೌನ್‌ಲ್ಯಾಂಡ್, ಅಂದರೆ ನಮ್ಮ ಮಜರೆಯಂಥ ಪುಟ್ಟ ಘಟಕ, ಗುರುತಿಸಿಕೊಳ್ಳಿ. ಇಲ್ಲದಿದ್ದರೆ ಒಂದೇ ಹೆಸರಿನ ಹಲವರ ನಡುವೆ ದಾರಿ ತಪ್ಪುತ್ತೀರಿ.

ಬಳಿಕ 1864ರಿಂದಿನ ಜನನ, ಮದುವೆ, ಮರಣ ನೋಂದಣಿ ನೋಡಿ. ಮದುವೆ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಸಿಗುತ್ತವೆ. ಅದಕ್ಕೂ ಹಿಂದಿನದಕ್ಕೆ ರಾಷ್ಟ್ರೀಯ ಗ್ರಂಥಾಲಯದ ಕ್ಯಾಥೊಲಿಕ್ ಚರ್ಚ್ ರಿಜಿಸ್ಟರುಗಳು, ಗೇಣಿದಾರರ ಹೆಸರಿರುವ ಗ್ರಿಫಿತ್ ಮೌಲ್ಯಮಾಪನ (1847–64) ನೆರವಾಗುತ್ತವೆ.

ಒಂದೇ ಹೆಸರಿನ ಇಬ್ಬರಲ್ಲಿ ನಿಮ್ಮವರು ಯಾರೆಂದು ತಿಳಿಯದಾದಾಗ, ಅಥವಾ ಪೌರತ್ವದ ಅರ್ಜಿಗೆ ಪುರಾವೆ ಬೇಕಾದಾಗ, ಮಾನ್ಯತೆ ಪಡೆದ ವಂಶಾವಳಿ ತಜ್ಞರನ್ನು ಸಂಪರ್ಕಿಸಿ.