ಬರ್ಸಾತಿ: ಒಂದು ಪದದ ಬೇರು

ಮಳೆಗಾಲ ಬಂತೆಂದರೆ ನಮ್ಮ ಗಾಂಧಿ ಗಂಜ್‌ನಲ್ಲಿ ಧಾನ್ಯದ ಚೀಲಗಳಿಗೆ ತಾಡಪತ್ರಿ, ಮನುಷ್ಯರಿಗೆ ಬರ್ಸಾತಿ. ಆದರೆ ಕನ್ನಡ ಪ್ರಬಂಧದಲ್ಲಿ 'ಬರ್ಸಾತಿ' ಎಂದು ಬರೆಯಲು ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಅದು ಮನೆಯ ಉರ್ದು ಮಾತು, ಪುಸ್ತಕಕ್ಕೆ ಸಲ್ಲದು ಎಂಬ ಅಳುಕು. ಈ ಅಳುಕಿಗೆ ಆಧಾರವಿದೆಯೇ ಎಂದು ನೋಡಲು ನಾನು ಪದದ ಬೇರು ಹುಡುಕಿದೆ.

'ಬರ್ಸಾತ್' ಎಂದರೆ ಮಳೆ, ಮಳೆಗಾಲ. ಅದಕ್ಕೆ 'ಈ' ಪ್ರತ್ಯಯ ಸೇರಿದರೆ 'ಮಳೆಗೆ ಸಂಬಂಧಿಸಿದ್ದು' ಎಂದಾಗುತ್ತದೆ. 'ಸರ್ಕಾರ' ಎಂಬುದು 'ಸರ್ಕಾರಿ' ಆದದ್ದೂ ಹೀಗೆಯೇ. 'ಬರ್ಸಾತ್'ನ ಬೇರು ಸಂಸ್ಕೃತದ 'ವರ್ಷ'. ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥ: 'ವರ್ಷಧಾರೆ' ಎಂದಾಗ ಮಳೆ, 'ನೂರು ವರ್ಷ' ಎಂದಾಗ ಸಂವತ್ಸರ. ಉರ್ದುವಿನಲ್ಲಿ ಅದೇ ಬೇರು ಎರಡು ಕೊಂಬೆಯಾಗಿದೆ: 'ಬರಸ್' ಎಂದರೆ ಸಂವತ್ಸರ, 'ಬರ್ಸಾತ್' ಎಂದರೆ ಮಳೆ.

ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ಆಸ್ಥಾನದಲ್ಲಿ ಬಳಕೆಯಲ್ಲಿದ್ದ ಫಾರ್ಸಿಯಲ್ಲೂ ಇದೇ ರೀತಿ. 'ಬಾರಾನ್' ಎಂದರೆ ಮಳೆ, 'ಬಾರಾನಿ' ಎಂದರೆ ಮಳೆಯಂಗಿ. ಅರಬ್ಬಿಯಲ್ಲಿ 'ಮತರ್' ಮಳೆಯಾದರೆ, ಮಳೆಯಲ್ಲಿ ತೊಡುವ ಬಟ್ಟೆ 'ಮಿಮ್ತರ್'. ತೆರೆಯುವುದು 'ಫತಹ್', ತೆರೆಯುವ ಕೀಲಿ 'ಮಿಫ್ತಾಹ್' ಆದಂತೆ ಇದೂ. ಕನ್ನಡದ 'ಮಳೆಯಂಗಿ'ಯೂ ಮಳೆಯ ಹೆಸರನ್ನೇ ಹೊತ್ತಿದೆ.

ಇಂಗ್ಲಿಷಿನ 'ಮ್ಯಾಕಿಂಟಾಷ್' ಮಾತ್ರ ಬೇರೆ. ಅದು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂಟಾಷ್ ಅವರ ಹೆಸರು. ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ನಾಫ್ತಾದಲ್ಲಿ ರಬ್ಬರ್ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು, ನೀರು ಇಳಿಯದ ಬಟ್ಟೆ ಮಾಡುವ ವಿಧಾನಕ್ಕೆ ಅವರು 1823ರಲ್ಲಿ ಪೇಟೆಂಟ್ ಪಡೆದರು. ಆ ಬಟ್ಟೆ ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. ಗಂಧಕ ಸೇರಿಸಿ ರಬ್ಬರನ್ನು ಹದಗೊಳಿಸುವ ವಿಧಾನ 1840ರ ದಶಕದಲ್ಲಿ ಬಂದ ಮೇಲೆ ಆ ದೋಷ ನೀಗಿತು.

ರಬ್ಬರ್ ಬರುವ ಮೊದಲೂ ನಮ್ಮ ರೈತರು ಮಳೆಯಲ್ಲಿ ದುಡಿಯುತ್ತಿದ್ದರು. ಕಂಬಳಿಯನ್ನು ಮಡಚಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟರೆ ಅದೇ 'ಕೊಪ್ಪೆ'. ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಹೊದ್ದರೂ ಕೊಪ್ಪೆಯೇ. ಮಲೆನಾಡಿನಲ್ಲಿ ಬಿದಿರು, ಎಲೆಗಳಿಂದ ಹೆಣೆದದ್ದು 'ಗೊರಬು'.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: 'ಬರ್ಸಾತಿ'ಗೆ ವ್ಯಾಕರಣವಿದೆ, ವಂಶವಿದೆ, ಕನ್ನಡದ 'ವರ್ಷ'ದೊಡನೆ ನಂಟೂ ಇದೆ. 'ಗಂಜ್' ಎಂಬ ಫಾರ್ಸಿ ಪದವನ್ನು ಊರಿನ ಹೆಸರಾಗಿ ಬರೆಯುವ ನಾವು 'ಬರ್ಸಾತಿ'ಗೆ ನಾಚಬೇಕಿಲ್ಲ. ಮಿತ್ರರೇ, ನಿಮ್ಮ ಅಜ್ಜಿ, ದಾದಿಯರು ಮಳೆಯ ಹೊದಿಕೆಗೆ ಏನೆನ್ನುತ್ತಾರೆ ಎಂದು ಕೇಳಿ ಬರೆದಿಡಿ. ಕೊಪ್ಪೆ ಹೊದೆಯುವವರು ಕಡಿಮೆಯಾದಂತೆ ಆ ಪದವೂ ಮರೆಯಾಗುತ್ತಿದೆ.